ದೇವೀರಮ್ಮನ ಬಾವಿಗೆ ಬಿದ್ದ ಸುಣ್ಣ

ನಮ್ಮ ಊರಿನಲ್ಲಿ ಯಾರಾದರೂ ಸತ್ತರೆ ಆ ಮನೆಯ ಬಾವಿ ಹುಳಿಯಾಗುತ್ತದೆ. ತಿಥಿ ಮುಗಿಯುವ ಹೊತ್ತಿಗೆ ನೀರು ನಾಲಿಗೆಯನ್ನು ಹಿಡಿಯುವಷ್ಟು ಹುಳಿ. ಆ ನೀರನ್ನು ಸೇದಿ ಹಂಡೆಗೆ ಸುರಿದರೆ, ಸುರಿಯುವ ಸದ್ದಿನೊಳಗೆ ಸತ್ತವರ ಮಾತು ಕೇಳುತ್ತದೆ. ಹೊರಗಿನಿಂದ ಬಂದವರು ಇದನ್ನು ಕಂಡು ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ. ನಮಗೆ ಅದಕ್ಕಿಂತ ದೊಡ್ಡ ಚಿಂತೆ ಪಾತ್ರೆಗಳದು. ಹುಳಿ ನೀರು ಹಿತ್ತಾಳೆಯನ್ನು ತಿನ್ನುತ್ತದೆ, ಕಿಲುಬು ಏರುತ್ತದೆ, ಕುಡಿದವರಿಗೆ ವಾಂತಿ. ಹಾಗಾಗಿ ಸಾವಿನ ಮನೆಯವರು ಪುರೋಹಿತರಿಗೆ ಹೇಳಿ ಕಳಿಸಿದ ಮೇಲೆ ಮೊದಲು ಹೇಳಿ ಕಳಿಸುವುದು ನನಗೆ. ನಾನು ಕಲಾಯಿ ಹಾಕುವವನು.

ಈ ಊರಿನ ಜನಕ್ಕೆ ಮಾತು ಕಡಿಮೆ. ನೀರು ಹುಳಿ, ಬಾಯಿ ಬಿಗಿ ಎಂದು ಸುತ್ತಲಿನವರು ನಮ್ಮನ್ನು ಆಡಿಕೊಳ್ಳುತ್ತಾರೆ. ಬದುಕಿದ್ದಾಗಲೇ ಆಡದವರು ಸತ್ತ ಮೇಲೆ ಏನು ಆಡಿಯಾರು? ಬೆಳಗಿನಿಂದ ಮಧ್ಯಾಹ್ನದವರೆಗೆ ರಟ್ಟೆ ಬೀಳುವಂತೆ ನೀರು ಸೇದಿದರೂ ‘ದನ ಒಳಗೆ ಕಟ್ಟಿದ್ರಾ’ ಎಂಬಷ್ಟು ಕೇಳಿದರೆ ಹೆಚ್ಚು. ಕಲಾಯಿಯವರೇ ಆಗಿದ್ದ ನಮ್ಮ ತಂದೆಯ ಬಾವಿ ವರ್ಷಗಟ್ಟಲೆ ಹುಳಿಯಾಗಿತ್ತು, ಆದರೆ ಅದರಿಂದ ನನಗೆ ಸಿಕ್ಕಿದ್ದು ಒಂದು ಕೆಮ್ಮು ಮತ್ತು ‘ತವರ ಜಾಸ್ತಿ ಆಯ್ತು’ ಎಂಬ ಬೈಗುಳ. ಅದನ್ನೇ ಮಹಾಪ್ರಸಾದ ಎಂದುಕೊಂಡೆ. ನಾನೂ ಅದೇ ಬೀಜದವನು, ನನ್ನ ಬಾಯಿಂದ ಮಾತು ಹೊರಡಿಸುವುದೂ ಕಲ್ಲಿನಿಂದ ನಾರು ತೆಗೆಯುವುದೂ ಒಂದೇ ಎಂದು ನನ್ನ ಹೆಂಡತಿ ಹೇಳುತ್ತಿದ್ದಳು.

ನನ್ನ ಹೆಂಡತಿ ದೇವೀರಮ್ಮ ಬೇರೆ ಊರಿನಿಂದ ಬಂದವಳು. ಅವಳು ಬಂದ ದಿನದಿಂದ ನಮ್ಮ ಮನೆಯಲ್ಲಿ ಮೌನ ಎಂಬುದು ಇರಲಿಲ್ಲ. ನಾನು ಕುಲುಮೆಯ ಮುಂದೆ ಕೂತು ಪಾತ್ರೆ ಕಾಯಿಸುತ್ತಿದ್ದೆ, ಅವಳು ಪಕ್ಕದಲ್ಲಿ ಕೂತು ತಿದಿ ಒತ್ತುತ್ತಿದ್ದಳು. ತಿದಿ ಒಂದು ಉಸಿರು ಬಿಟ್ಟರೆ ಅವಳು ಮೂರು ಮಾತು ಬಿಡುತ್ತಿದ್ದಳು. ಕಾದ ಪಾತ್ರೆಗೆ ನವಸಾಗರದ ಪುಡಿ ಬಿದ್ದು ಬಿಳಿ ಹೊಗೆ ಎದ್ದಾಗ ಎಲ್ಲರೂ ಮುಖ ತಿರುಗಿಸಿ ಉಸಿರು ಹಿಡಿಯುತ್ತಾರೆ. ಇವಳು ಆ ಹೊಗೆಯೊಳಗೂ ಬದನೆಕಾಯಿ ಪಲ್ಯಕ್ಕೆ ಎಳ್ಳು ಹಾಕಬೇಕೋ ಬೇಡವೋ ಎಂದು ವಾದ ಮಾಡುತ್ತಿದ್ದಳು, ಎರಡೂ ಕಡೆಯ ವಾದವನ್ನು ತಾನೇ. ನಾನು ತವರದ ಕಡ್ಡಿ ಸವರಿ ಬಟ್ಟೆಯ ಉಂಡೆಯಲ್ಲಿ ಒರೆಸುತ್ತಾ ಇರುತ್ತಿದ್ದೆ. ಕೇಳುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿಲ್ಲ. ಮಳೆ ಬರುತ್ತಿದ್ದರೆ ಅದನ್ನು ಯಾರು ಕೂತು ಕೇಳುತ್ತಾರೆ?

ಅವಳಿಗೆ ಒಂದು ಕಥೆ ಇತ್ತು. ವರ್ಷಕ್ಕೆ ಎಷ್ಟೋ ಸಲ ಶುರು ಮಾಡುತ್ತಿದ್ದಳು.

“ರೀ, ಆವತ್ತು ನಿಮ್ಮನ್ನ ಮೊದಲ್ನೇ ಸಲ ನೋಡಿದಾಗ ನಂಗೆ ಏನನ್ನಿಸ್ತು ಗೊತ್ತಾ? ತಡೀರಿ, ಮೊದ್ಲು ಗಾಡಿ ವಿಷ್ಯ ಹೇಳ್ಬಿಡ್ತೀನಿ. ನಮ್ಮ ಸೋದರಮಾವನ ಗಾಡಿ ಅದು, ಅದ್ರಲ್ಲಿ ಬೆಲ್ಲದ ಪೆಂಟೆ ಇಟ್ಟಿದ್ರು, ನಾನು ಬೆಲ್ಲದ ಮೇಲೇ ಕೂತಿದ್ದೆ. ಇರುವೆ ಅಂದ್ರೆ ಅಂಥಿಂಥ ಇರುವೆ ಅಲ್ಲ ಅದು...”

ಇರುವೆಯಿಂದ ಸೋದರಮಾವನ ಕಾಲಿನ ಆಣಿಗೆ, ಆಣಿಯಿಂದ ಅದಕ್ಕೆ ಕಟ್ಟಿದ ಸೊಪ್ಪಿಗೆ, ಸೊಪ್ಪಿನಿಂದ ಆ ಸೊಪ್ಪು ಕೊಟ್ಟ ಮುದುಕಿಯ ಮೂವರು ಸೊಸೆಯಂದಿರಿಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಪಾತ್ರೆ ಮುಗಿಯುತ್ತಿತ್ತು. ಗಾಡಿ ಒಮ್ಮೆಯೂ ನಮ್ಮ ಮನೆಯ ಬಾಗಿಲಿಗೆ ಬಂದು ನಿಲ್ಲಲಿಲ್ಲ. ಏನನ್ನಿಸಿತು ಎಂದು ನಾನು ಬಾಯಿ ತೆರೆದು ಕೇಳಿದ್ದರೆ ಅವತ್ತೇ ಮುಗಿಯುತ್ತಿತ್ತು. ಕೇಳಬೇಕು ಎಂದು ಹೊಳೆಯಲೇ ಇಲ್ಲ, ಹೇಗೂ ನಾಳೆ ಮತ್ತೆ ಶುರು ಮಾಡುತ್ತಾಳಲ್ಲ.

ಅವಳು ಜ್ವರ ಬಂದು ಹೋದಳು. ಜ್ವರದಲ್ಲೂ ಮಾತಾಡುತ್ತಲೇ ಇದ್ದಳು, ಕೊನೆಗೆ ಉಸಿರು ಸಾಲಲಿಲ್ಲ. ಮನೆ ಹೇಗಿತ್ತು ಎಂದು ಹೇಳಲಾರೆ. ತಿದಿಯನ್ನು ನಾನೇ ಒತ್ತಿಕೊಂಡು ಕೂತಾಗ ಅದರ ಉಸಿರಿನ ನಡುವೆ ಎಷ್ಟು ದೊಡ್ಡ ಖಾಲಿ ಜಾಗ ಇದೆ ಎಂದು ಮೊದಲ ಸಲ ತಿಳಿಯಿತು.

ಬಾವಿ ಹುಳಿಯಾದ ದಿನ ವೇಣಕ್ಕ ಬಂದಳು. ಪೂರ್ತಿ ಹೆಸರು ನಾಗವೇಣಿ, ಊರಿನ ಬಾವಿಲೆಕ್ಕ ನೋಡುವವಳು, ಅವರ ಮನೆತನದಿಂದ ಬಂದ ಕೆಲಸ. ನನಗಿಂತ ಸ್ವಲ್ಪ ದೊಡ್ಡವಳು, ದೇವೀರಮ್ಮನಿಗೆ ಆಪ್ತಳು. ಒಂದು ಕೈಯಲ್ಲಿ ದಾಸವಾಳದ ನೀರಿನ ಸೀಸೆ, ಇನ್ನೊಂದರಲ್ಲಿ ಸುಣ್ಣದ ತಿಳಿಯ ಚೆಂಬು. ಕಣ್ಣು ಒರೆಸಿಕೊಂಡು ಬಾವಿಕಟ್ಟೆಯ ಮೇಲೆ ಕೂತಳು.

ಬಾವಿಲೆಕ್ಕ ನಮ್ಮೂರಲ್ಲಿ ಎಲ್ಲರಿಗೂ ತಕ್ಕಮಟ್ಟಿಗೆ ಗೊತ್ತು. ಸತ್ತವರು ನೀರಿಗಿಳಿಯುವುದು ಜೋಡಿ ಜೋಡಿಯಾಗಿ. ಒಂದನ್ನೊಂದು ಹಿಡಿದುಕೊಂಡಿರುವ ಜೋಡಿಗೆ ಮಾತೂ ಇಲ್ಲ, ಹುಳಿಯೂ ಇಲ್ಲ. ಎಲ್ಲೋ ಕೆಲವು ಕೈ ಬಿಟ್ಟು ಬೇರೆಯಾಗುತ್ತವೆ, ಹುಳಿ ಅವುಗಳದು, ಮಾತೂ ಅವುಗಳದೇ. ಅವನ್ನು ಬಿಡಿ ಎನ್ನುತ್ತೇವೆ. ಮಕ್ಕಳ ರಸಾಯನಶಾಸ್ತ್ರದ ಪುಸ್ತಕದಲ್ಲಿ ಇಂಥ ಹುಳಿಗೆ ದುರ್ಬಲ ಆಮ್ಲ ಎಂದೂ ಬಿಡಿಗೆ ಅಯಾನು ಎಂದೂ ಬರೆದಿದೆಯಂತೆ. ಬಾವಿಯ ನೀರಿಗೆ ದಾಸವಾಳದ ನೀರು ಹನಿಸಿದರೆ ಕೆಂಪೇರುತ್ತದೆ, ಎಷ್ಟು ಕೆಂಪೋ ಅಷ್ಟು ಬಿಡಿ. ವೇಣಕ್ಕ ಬಣ್ಣ ನೋಡಿಯೇ ಕೊಡಕ್ಕೆ ಇಷ್ಟು ಕಾಳು ಬಿಡಿ ಎಂದು ಹೇಳಬಲ್ಲಳು, ಕಾಳು ಎಂದರೆ ಬಾವಿಲೆಕ್ಕದ ಅಳತೆ. ಕಾಣದೆ ಇರುವುದು ಜೋಡಿ. ಅದನ್ನು ಲೆಕ್ಕ ಹಾಕಿಯೇ ತಿಳಿಯಬೇಕು. ಬಿಡಿಯನ್ನು ಬಿಡಿಯಿಂದಲೇ ಗುಣಿಸಿ, ಬಂದದ್ದನ್ನು ಆ ಮನುಷ್ಯನ ಸಡಿಲಿನಿಂದ ಭಾಗಿಸಿದರೆ ಜೋಡಿ ಎಷ್ಟು ಎಂದು ಬರುತ್ತದೆ. ಸಡಿಲು ಎಂದರೆ ಕೈ ಬಿಡುವ ಗುಣ. ಒಬ್ಬೊಬ್ಬರದು ಒಂದೊಂದು, ಬಾವಿ ಎಷ್ಟು ತೆಳುವಾದರೂ ಅದು ಬದಲಾಗುವುದಿಲ್ಲ.

ಆ ಸಡಿಲು ಎಷ್ಟೆಂದು ತಿಳಿಯಲು ಮೊದಲ ದಿನ ಒಂದು ಕೊಡವನ್ನು ಸುಣ್ಣಕ್ಕೆ ಕೊಡಬೇಕು. ಸುಣ್ಣದ ತಿಳಿ ಹನಿಹನಿಯಾಗಿ ಬೀಳುತ್ತಾ ಬಿಡಿಗಳನ್ನು ನುಂಗುತ್ತದೆ. ನುಂಗಿದ ಹಾಗೆ ಜೋಡಿಗಳು ಕೈ ಬಿಡುತ್ತವೆ, ಅವನ್ನೂ ನುಂಗುತ್ತದೆ. ನುಂಗಲು ಏನೂ ಉಳಿಯದಾಗ ಕೆಂಪು ಹೋಗಿ ಹಸಿರು ಬರುತ್ತದೆ. ಎಷ್ಟು ಸುಣ್ಣ ಹಿಡಿಯಿತು ಎಂಬುದರಿಂದ ಒಟ್ಟು ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಅದರಲ್ಲಿ ಬಿಡಿ ಕಳೆದರೆ ಜೋಡಿ, ಎರಡೂ ಸಿಕ್ಕರೆ ಸಡಿಲು ಸಿಕ್ಕಂತೆ. ಆದರೆ ಆ ಕೊಡದ ಮಾತು ಹೋಯಿತು, ಇನ್ನು ಬರುವುದಿಲ್ಲ. ಅದಕ್ಕೇ ಒಂದು ಬಾವಿಗೆ ಒಂದೇ ಸುಣ್ಣದ ಕೊಡ. ಎರಡನೆಯದನ್ನು ಯಾರೂ ಕೇಳುವುದಿಲ್ಲ, ಯಾರೂ ಕೊಡುವುದಿಲ್ಲ. ಆಮೇಲೆ ಬಾವಿ ಮುಗಿಯುವವರೆಗೂ ಬಣ್ಣ ಮತ್ತು ಲೆಕ್ಕ ಅಷ್ಟೇ.

ಆ ದಿನ ವೇಣಕ್ಕ ಇದ್ದಿಲಿನಿಂದ ಬಾವಿಕಟ್ಟೆಯ ಮೇಲೆ ಲೆಕ್ಕ ಬರೆದಳು. ಬರೆದು, ಅಳಿಸಿ, ಮತ್ತೆ ಬರೆದಳು. ಆಮೇಲೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗತೊಡಗಿದಳು. ಸಾವಿನ ಮನೆಯಲ್ಲಿ ಅವಳು ನಕ್ಕದ್ದನ್ನು ನಾನು ಕಂಡಿರಲಿಲ್ಲ.

“ಅಲ್ಲಣ್ಣ, ಬೇರೆಯವರ ಬಾವೀಲಿ ನಾನೂರು ಕಾಳು ಜೋಡಿ ಇದ್ರೆ ಎರಡು ಕಾಳು ಬಿಡಿ ಇರ್ತದೆ. ಇವಳದು ನಲವತ್ತು. ಊರಿನವರ ಸಡಿಲೆಲ್ಲ ನೂರರಲ್ಲೊಂದು ಪಾಲು. ಇವಳದು ನಾಲ್ಕು ಕಣಣ್ಣ, ಇಡೀ ನಾಲ್ಕು. ನಮ್ಮಜ್ಜಿ ಕಾಲದಿಂದ ಇಂಥದ್ದು ಕೇಳಿಲ್ಲ.”

ನನಗೂ ನಗು ಬಂತು. ನಗುತ್ತಾ ಅಳು ಬಂತು.

ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಬಾವಿಯಲ್ಲಿ ಒಟ್ಟು ಎಷ್ಟು ಉಳಿದಿದೆ ಎಂದರೆ ಜೋಡಿ ಮತ್ತು ಬಿಡಿ ಎರಡನ್ನೂ ಕೂಡಿಸಬೇಕು, ನ್ಯಾಯವಾಗಿ. ಆದರೆ ನಮ್ಮಲ್ಲಿ ಯಾರೂ ಕೂಡಿಸುತ್ತಿರಲಿಲ್ಲ. ನಾನೂರು ಕಾಳಿಗೆ ಎರಡು ಕಾಳು ಕೂಡಿಸಿ ಯಾರಿಗೆ ಏನಾಗಬೇಕು? ಬಾವಿಲೆಕ್ಕ ಕಲಿಯುವವರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ ‘ಸಣ್ಣದನ್ನ ಬಿಡು’. ವೇಣಕ್ಕನ ಅಜ್ಜಿ ಹಾಗೇ ಮಾಡಿದಳು, ಅವಳ ಅಮ್ಮ ಹಾಗೇ ಮಾಡಿದಳು, ಒಂದು ಸಲವೂ ತಪ್ಪಲಿಲ್ಲ. ಬಾಯಿ ಬಿಗಿಯಾದವರ ಊರಿನಲ್ಲಿ ಅದು ತಪ್ಪುವುದೂ ಇಲ್ಲ. ದೇವೀರಮ್ಮನ ಬಾವಿಗೂ ವೇಣಕ್ಕ ಉಳಿಕೆ ನಾನೂರು ಎಂದೇ ಬರೆದಳು. ನಲವತ್ತನ್ನು ನೋಡಿ ನಕ್ಕಳು, ಕೂಡಿಸಲಿಲ್ಲ.

ಆಮೇಲಿನ ಕಾಲವನ್ನು ನಾನು ಸುಖದ ಕಾಲ ಎಂದರೆ ನೀವು ಹುಬ್ಬೇರಿಸಬಾರದು. ಬೆಳಿಗ್ಗೆ ಎದ್ದು ಕೊಡ ಸೇದಿ ಹಂಡೆಗೆ ಸುರಿಯುತ್ತಿದ್ದೆ, ಅವಳು ಶುರು ಮಾಡುತ್ತಿದ್ದಳು. ಪಲ್ಯದ ಎಳ್ಳು, ಪಕ್ಕದ ಮನೆಯವರ ಬೆಕ್ಕು, ನನ್ನ ಪಂಚೆಗೆ ಬಿದ್ದ ಕಿಡಿಯ ತೂತು. ಬೀದಿಯ ಹೆಂಗಸರು ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಅವರ ಮನೆಯ ಬಾವಿಗಳು ವಾರಕ್ಕೊಂದು ಮಾತಾಡುವಾಗ ಇದು ಅವರಿಗೆ ಹಬ್ಬ. ನಾನು ಮೊದಲ ಸಲ ಕೂತು ಕೇಳಿದೆ. ಬದುಕಿದ್ದಾಗ ಕೇಳದ್ದನ್ನು ಆಗ ಕೇಳಿದೆ, ಒಂದಕ್ಷರ ಬಿಡದೆ. ಆದರೆ ಬಾವಿ ಹೇಳುತ್ತದೆಯೇ ಹೊರತು ಕೇಳುವುದಿಲ್ಲ. ನಾವು ಆಡಿದ್ದು ಅದಕ್ಕೆ ಮುಟ್ಟುವುದಿಲ್ಲ, ಇದು ಊರಿನ ಕೂಸಿಗೂ ಗೊತ್ತು. ಅವಳು ಮಾತು ನಿಲ್ಲಿಸಿದಾಗ ನನಗೂ ಒಂದು ಮಾತು ಬರುತ್ತಿತ್ತು, ಯಾರಿಗೆ ಹೇಳುವುದು ಎಂದು ನುಂಗಿಕೊಳ್ಳುತ್ತಿದ್ದೆ.

ಕೇಳಬೇಕಾದರೆ ಸೇದಬೇಕು. ಸೇದಿದಷ್ಟೂ ಒರತೆಯ ಹೊಸ ನೀರು ತುಂಬಿ ಬಾವಿ ತೆಳುವಾಗುತ್ತದೆ. ಮೊದಮೊದಲು ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ತೆಳುವಾದಂತೆ ಜೋಡಿಗಳು ಹೆಚ್ಚು ಹೆಚ್ಚಾಗಿ ಕೈ ಬಿಡುತ್ತವೆ, ಇರುವುದು ಕಡಿಮೆಯಾದರೂ ಮಾತು ಅಷ್ಟು ಬೇಗ ಕಡಿಮೆಯಾಗುವುದಿಲ್ಲ. ವೇಣಕ್ಕ ಆಗಾಗ ಬಂದು ಬಣ್ಣ ನೋಡಿ ಲೆಕ್ಕ ಬರೆದು ಹೋಗುತ್ತಿದ್ದಳು. ನಾನೂರು ನೂರಾಯಿತು, ನೂರು ಇಪ್ಪತ್ತಾಯಿತು. ನಾನು ಕಟ್ಟೆಯ ಮೇಲಿನ ಅಂಕಿ ನೋಡದೆ ನೀರು ಸೇದುವುದನ್ನು ಅಭ್ಯಾಸ ಮಾಡಿಕೊಂಡೆ.

ಊರಿನ ಕಟ್ಟಳೆ ಏನೆಂದರೆ, ಉಳಿಕೆ ಅರ್ಧ ಕಾಳಿಗಿಂತ ಕೆಳಗೆ ಬಂದರೆ ಬಾವಿಗೆ ಸುಣ್ಣ ಹಾಕಿ ಸಿಹಿ ಮಾಡಿ ಬೀದಿಗೆ ಬಿಡಬೇಕು. ಕುಡಿಯುವ ನೀರು ಎಲ್ಲರಿಗೂ ಬೇಕಲ್ಲ. ಅದೊಂದೇ ಕಾರಣವೂ ಅಲ್ಲ. ಮುಗಿಯುತ್ತಾ ಬಂದ ಬಾವಿ ಬರೀ ಒಡೆದ ಅಕ್ಷರ ಹೇಳುತ್ತದೆ. ಮೂಡಲ ಬೀದಿಯ ಗಂಗಣ್ಣ ಎಂಬಾತ ತಮ್ಮನ ಬಾವಿಯನ್ನು ಮುಚ್ಚಲು ಬಿಡದೆ ಆ ಅಕ್ಷರಗಳನ್ನು ಜೋಡಿಸುತ್ತಾ ಜೋಡಿಸುತ್ತಾ ಊಟ ಬಿಟ್ಟು, ಕೊನೆಗೆ ತನ್ನ ಹೆಂಡತಿಯನ್ನೇ ಯಾರು ನೀನು ಎಂದು ಕೇಳಿದನಂತೆ. ಅಂಥದ್ದು ಇನ್ನೊಬ್ಬರಿಗೆ ಬೇಡ ಎಂದು ಮಾಡಿದ ಕಟ್ಟಳೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು.

ಅವಳ ಬಾವಿ ತೆಳುವಾಗುತ್ತಾ ಬಂದಾಗ ಒಂದು ವಿಚಿತ್ರ ನಡೆಯಿತು. ಗಾಡಿಯ ಕಥೆ ಶುರುವಾಯಿತು. ಬೆಲ್ಲ ಬಂತು, ಇರುವೆ ಬಂತು, ಸೋದರಮಾವನ ಆಣಿ ಬಂತು, ಮೂವರು ಸೊಸೆಯಂದಿರೂ ಬಂದು ಹೋದರು. ಈ ಸಲ ಪಾತ್ರೆ ಮುಗಿಯಲಿಲ್ಲ, ನಾನು ಎದ್ದು ಹೋಗಲಿಲ್ಲ. ಕಥೆ ಮುಂದಕ್ಕೆ ಬಂತು. ಗಾಡಿ ಹೊಳೆ ದಾಟಿತು. ಊರ ಬಾಗಿಲಲ್ಲಿ ಯಾರೋ ಛತ್ರಿ ಹಿಡಿದು ದಾರಿ ತೋರಿಸಿದರು. ಅವಳು ಒಂದು ಕೊಡದಲ್ಲಿ ಛತ್ರಿಯ ಹಿಡಿಯ ಬಗ್ಗೆಯೇ ಮಾತಾಡಿದಳು. ನಾನು ಮನಸ್ಸಿನಲ್ಲೇ, ‘ಛತ್ರಿ ಬಿಡೇ ಮಾರಾಯ್ತಿ, ಗಾಡಿ ಹೊಡಿ’ ಎಂದುಕೊಂಡೆ. ಆಮೇಲೆ ಗಾಡಿ ನಮ್ಮ ಬೀದಿಗೆ ತಿರುಗಿತು.

ಅವತ್ತೇ ವೇಣಕ್ಕ ಬಂದು ಬಣ್ಣ ನೋಡಿದಳು. ತೀರಾ ತೆಳು ಕೆಂಪು, ಮಗುವಿನ ಉಗುರಿನ ಬಣ್ಣ.

“ಬಿಡಿ ಒಂದು ಕಾಳು ಇದೆ,” ಎಂದಳು. “ಒಂದನ್ನ ಒಂದರಿಂದ ಗುಣಿಸಿದ್ರೆ ಒಂದೇ. ಸಡಿಲು ನಾಲ್ಕರಿಂದ ಭಾಗಿಸಿದ್ರೆ ಕಾಲು. ಉಳಿಕೆ ಕಾಲು ಕಾಳು ಕಣಣ್ಣ.”

ನಾನು ಆಗ ಕಟ್ಟೆಯ ಮೇಲಿನ ಅಂಕಿ ನೋಡಿದೆ. ಅವಳು ಮುಂದುವರಿಸಿದಳು.

“ಅರ್ಧಕ್ಕಿಂತ ಕೆಳಗೆ ಇಳಿದುಬಿಟ್ಟಿದೆ. ನಂಗೇನು ಸಂತೋಷವಾ ಹೇಳು.”

“ಇನ್ನೂ ಚೆನ್ನಾಗೇ ಮಾತಾಡ್ತಾ ಇದಾಳಲ್ಲ ಅಕ್ಕಾ,” ಎಂದೆ. “ಅಕ್ಷರ ಒಡೆದಿಲ್ಲ. ಕಥೆ ಹೇಳ್ತಾ ಇದಾಳೆ.”

“ದೇವೀರಿ ಅಲ್ವಾ ಅದು,” ಎಂದು ವೇಣಕ್ಕ ಕಣ್ಣಲ್ಲಿ ನೀರು ತಂದುಕೊಂಡು ನಕ್ಕಳು. “ಎಣ್ಣೆ ಮುಗಿದ ಮೇಲೂ ಉರಿಯೋ ದೀಪ ಅವಳು. ಕೊನೇ ತನಕ ಹಂಗೇ.”

ನಾನು ಅದನ್ನು ನಂಬಿದೆ. ಬೀದಿಯವರೂ ನಂಬಿದರು. ಕಾಲು ಕಾಳಿನ ಬಾವಿ ಪೂರ್ತಿ ವಾಕ್ಯಗಳನ್ನು ಹೇಳುತ್ತಿರುವುದನ್ನು ಕೇಳಿದ ಮೇಲೂ, ಲೆಕ್ಕದಲ್ಲಿ ಏನೋ ಎಡವಟ್ಟಾಗಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅವಳ ಸ್ವಭಾವವೇ ಹಾಗೆ ಎಂದುಕೊಂಡೆವು. ಅವಳ ಮಾತನ್ನು ನಾವು ಯಾವತ್ತು ಲೆಕ್ಕಕ್ಕೆ ಹಿಡಿದಿದ್ದೆವು?

ವೇಣಕ್ಕ ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತಳು. ಕೈಯಲ್ಲಿ ಸುಣ್ಣದ ತಿಳಿಯ ಚೆಂಬು ಇತ್ತು. ನನ್ನ ಕೊಡದ ಕಡೆ ನೋಡಿದಳು, ಚೆಂಬಿನ ಕಡೆ ನೋಡಿದಳು. ಇನ್ನೊಂದು ಕೊಡ ಸುಣ್ಣಕ್ಕೆ ಕೊಡುತ್ತೀಯಾ, ನೋಡಿಯೇಬಿಡೋಣ ಎಂದು ಕೇಳಲು ಬಾಯಿ ತೆರೆದದ್ದು ನನಗೆ ಗೊತ್ತಾಯಿತು. ಗಾಡಿ ನಮ್ಮ ಬೀದಿಯಲ್ಲಿತ್ತು. ಆ ಒಂದು ಕೊಡದಲ್ಲೇ ಅದು ಬಾಗಿಲಿಗೆ ಬಂದರೆ? ನಾನು ಕೊಡವನ್ನು ಎದೆಗೆ ಅವಚಿಕೊಂಡೆ. ವೇಣಕ್ಕ ನನ್ನ ಮುಖ ನೋಡಿ ಏನೂ ಕೇಳದೆ ಹೊರಟುಹೋದಳು. ನನ್ನ ಮೇಲಿನ ಕನಿಕರದಿಂದ ಕೇಳಲಿಲ್ಲ. ಕೇಳಬಾರದಿತ್ತೇ ಎಂದು ಈಗ ಅವಳೂ ಅಳುತ್ತಾಳೆ, ಕೊಡಬಾರದಿತ್ತೇ ಎಂದು ನಾನೂ. ಒಂದು ಕೊಡ ಉಳಿಸಲು ಹೋಗಿ ಬಾವಿ ಕಳೆದುಕೊಂಡೆವು.

ಸುಣ್ಣ ಹಾಕುವ ದಿನ ಗೊತ್ತಾಯಿತು. ಅಲ್ಲಿಯವರೆಗೆ ಎಡೆಬಿಡದೆ ಸೇದಿದರೆ ಕಥೆ ಮುಗಿಯಬಹುದು ಎಂದು ಸೇದಿದೆ, ಸೇದಿದರೆ ಇರುವ ಕಾಲು ಕಾಳೂ ಕರಗಿಹೋದೀತೆಂದು ನಿಲ್ಲಿಸಿದೆ. ಹಗ್ಗ ಹಿಡಿಯುವುದು, ಬಿಡುವುದು. ಹೀಗೆ ಸೇದಿದ ಎರಡು ಮೂರು ಕೊಡಗಳಲ್ಲಿ ಅವಳು ನಮ್ಮ ಬೀದಿಯ ಚರಂಡಿಯ ವಾಸನೆ, ಎದುರು ಮನೆಯ ಬೇಲಿಯ ಮೇಲೆ ಒಣಗಿದ್ದ ಹಸಿರು ಸೀರೆ, ಆ ಸೀರೆಯ ಅಂಚು, ಅಂಥದೇ ಅಂಚಿನ ಸೀರೆ ತನ್ನ ಚಿಕ್ಕಮ್ಮನಿಗೂ ಇದ್ದದ್ದು, ಇವೆಲ್ಲ ಹೇಳಿದಳು. ಕೊನೆಯ ಕೊಡದಲ್ಲಿ, “ಗಾಡಿ ನಿಂತಿತು, ನಾನು ಇಳಿದೆ, ನೀವು ಬಾಗ್ಲಲ್ಲಿ ಪಾತ್ರೆ ಉಜ್ತಾ ಕೂತಿದ್ರಿ,” ಎಂದಳು. ಅಲ್ಲಿಗೆ ಕೊಡ ಖಾಲಿಯಾಯಿತು. ಬಾಗಿಲಲ್ಲಿ ಗುರುಸಿದ್ದ ಸುಣ್ಣದ ಪುಟ್ಟಿ ಇಳಿಸುತ್ತಿದ್ದ.

ಗುರುಸಿದ್ದ ಊರಿನ ಸುಣ್ಣದವನು. ಬಾವಿ ಮುಚ್ಚುವುದೆಂದರೆ ಅವನ ಕೈಯಲ್ಲೇ ಆಗಬೇಕು. ಮನೆಯವರು ಬಾವಿಗೆ ಬೆನ್ನು ಮಾಡಿ ನಿಲ್ಲಬೇಕು, ತಿರುಗಿ ನೋಡಬಾರದು. ಒಮ್ಮೆ ಶುರು ಮಾಡಿದರೆ ನೀರು ಹಸಿರು ತೋರುವವರೆಗೆ ನಿಲ್ಲಿಸಬಾರದು. ಅರೆಸುಣ್ಣದ ಬಾವಿ ಮನೆಗೆ ಕೇಡು ಎನ್ನುತ್ತಾರೆ. ನನಗೆ ಒಂದು ಕೊಡ ಬೇಕಿತ್ತು, ಒಂದೇ ಒಂದು. ಕೇಳಲು ನಾಚಿಕೆಯಾಯಿತು. ಹೆಂಡತಿ ಮೊದಲ ಸಲ ನೋಡಿದಾಗ ಏನಂದುಕೊಂಡಳು ಎಂದು ತಿಳಿಯಬೇಕು ಎಂದು ಈ ವಯಸ್ಸಿನಲ್ಲಿ ಬೀದಿಯವರ ಮುಂದೆ ಹೇಗೆ ಹೇಳುವುದು? ಬಾಯಿ ಬಿಗಿಯಾದ ಊರಿನ ಮಗ ನಾನು. ಬೆನ್ನು ಮಾಡಿ ನಿಂತೆ.

“ಒಂದು ಸೇರು ಸಾಕಪ್ಪ, ಕಾಲು ಕಾಳಿಗೆ,” ಎಂದಳು ವೇಣಕ್ಕ.

ಸುಣ್ಣ ನೀರಿಗೆ ಬಿದ್ದ ಸದ್ದಾಯಿತು. ಗುರುಸಿದ್ದ ಗಳದಿಂದ ಕಲಕಿದ. ವೇಣಕ್ಕ ಒಂದು ಚೆಂಬು ತೆಗೆದು ದಾಸವಾಳದ ನೀರು ಬಿಟ್ಟದ್ದು ಕೇಳಿಸಿತು.

“ಇನ್ನೂ ಕೆಂಪೇ ಐತಲ್ಲಕ್ಕ,” ಎಂದ ಗುರುಸಿದ್ದ. “ಸುಣ್ಣ ಹಳೇದು ಇರಬೇಕು, ಗಾಳಿಗೆ ಸತ್ತೋಗೈತೆ. ಇನ್ನೊಂದು ಸೇರು ಹಾಕ್ತೀನಿ.”

ಎರಡನೆಯ ಸೇರು ಬಿತ್ತು. ಕೆಂಪೇ. ಬಾವಿ ಆಳ ಇದೆ, ತಳಕ್ಕೆ ಮುಟ್ಟಿಲ್ಲ ಎಂದು ಗುರುಸಿದ್ದ ಹೆಚ್ಚು ಹೊತ್ತು ಕಲಕಿದ. ಮೂರನೆಯದು ಬಿತ್ತು. ನನ್ನ ಬೆನ್ನ ಹಿಂದೆ ಇದ್ದಿಲು ಕಲ್ಲಿನ ಮೇಲೆ ಗೀಚುವ ಸದ್ದು ಶುರುವಾಯಿತು, ನಿಂತಿತು. ವೇಣಕ್ಕನ ಧ್ವನಿ ಅವಳದೆಂದು ಗುರುತೇ ಹತ್ತಲಿಲ್ಲ.

“ಬಿಡೀನ ಕೂಡಿಸಲೇ ಇಲ್ಲ,” ಎಂದಳು. “ಜೋಡಿ ಕಾಲು. ಬಿಡಿ ಒಂದು. ಒಂದೂಕಾಲು ಇತ್ತು, ಅರ್ಧ ಅಲ್ಲ, ಕಾಲೂ ಅಲ್ಲ, ಒಂದೂಕಾಲು. ಅಯ್ಯೋ ದೇವೀರಿ, ಸುಮ್ನಿದ್ದದ್ದನ್ನ ಎಣಿಸಿ ಮಾತಾಡಿದ್ದನ್ನ ಬಿಟ್ಟುಬಿಟ್ಟೆನಲ್ಲೇ.”

ಗುರುಸಿದ್ದನಿಗೆ ಲೆಕ್ಕ ಅರ್ಥವಾಗಲಿಲ್ಲ, ನಾಲ್ಕನೆಯ ಸೇರು ಅವನ ಕೈಯಿಂದ ಆಗಲೇ ಜಾರುತ್ತಿತ್ತು. ನಾನು ತಿರುಗಿದೆ. ಬಿಳಿ ಸುಣ್ಣ ನೀರಿಗೆ ಇಳಿಯುವುದನ್ನು ಕಣ್ಣಾರೆ ಕಂಡೆ. ಅವನು ಐದನೆಯದಕ್ಕೆ ಪುಟ್ಟಿಗೆ ಕೈ ಹಾಕಿದ.

“ಸಾಕು,” ಎಂದೆ.

ನನ್ನ ಬಾಯಿಂದ ಅಷ್ಟು ಜೋರಾಗಿ ಮಾತು ಬಂದದ್ದು ಬೀದಿಯವರು ಕೇಳಿರಲಿಲ್ಲ. ಗುರುಸಿದ್ದ ಕೈ ತೆಗೆಯಲಿಲ್ಲ. “ಅರೆಸುಣ್ಣ ಆಗ್ತದೆ ಬುದ್ಧಿ, ಮನೆಗೆ ಒಳ್ಳೇದಲ್ಲ,” ಎಂದ.

“ಮನೇಲಿ ಇನ್ನು ಯಾರಿದಾರೆ, ಕೇಡಾಗೋಕೆ? ಸಾಕು ಬಿಡು.”

ವೇಣಕ್ಕ ದಾಸವಾಳದ ನೀರು ಹನಿಸಿ ನೋಡಿದಳು. ಕೆಂಪು ಇದೆಯೋ ಇಲ್ಲವೋ ಎಂಬಷ್ಟು. “ನಾಲ್ಕು ಸೇರು ಅಂದ್ರೆ ಒಂದು ಕಾಳು ಹೋಯ್ತು,” ಎಂದಳು. “ಈಗ ಉಳಿದಿರೋದು ಕಾಲು.” ಬೆಳಿಗ್ಗೆ ನಾವು ಇದೆ ಎಂದುಕೊಂಡಿದ್ದ ಕಾಲು ಕಾಳು ಈಗ ನಿಜವಾಗಿ ಇತ್ತು. ಅವಳು ಬಾವಿಕಟ್ಟೆಗೆ ತಲೆ ಒರಗಿಸಿ ಕೂತಳು. ಅವಳನ್ನು ಬೈಯಬೇಕು ಎನ್ನಿಸಲಿಲ್ಲ, ಸಮಾಧಾನ ಹೇಳಲು ನನಗೆ ಬರುವುದಿಲ್ಲ. ಅವಳಿಗೆ ಕುಡಿಯಲು ಮಜ್ಜಿಗೆ ಕೊಟ್ಟೆ.

ಅವತ್ತಿನಿಂದ ಊರಿನಲ್ಲಿ ಬಾವಿಲೆಕ್ಕ ಬದಲಾಯಿತು. ಸಣ್ಣದನ್ನ ಬಿಡು ಎಂದು ವೇಣಕ್ಕ ಯಾರಿಗೂ ಹೇಳಿಕೊಡುವುದಿಲ್ಲ. ಬಿಡಿ ಎಷ್ಟೇ ಸಣ್ಣದಿರಲಿ, ಕೂಡಿಸಿದ ಮೇಲೆಯೇ ಇದ್ದಿಲು ಕೆಳಗಿಡಬೇಕು ಎನ್ನುತ್ತಾಳೆ. ಮಾತಿಲ್ಲದವರ ಬಾವಿಗಳಲ್ಲಿ ಅದರಿಂದ ಕೂದಲೆಳೆಯಷ್ಟೂ ವ್ಯತ್ಯಾಸವಾಗುವುದಿಲ್ಲ. ಆದರೂ ಕೂಡಿಸುತ್ತಾ ಇದ್ದಾಳೆ.

ನಾನು ಉಳಿದ ಕಾಲು ಕಾಳನ್ನು ಜೋಪಾನವಾಗಿ ಸೇದಿದೆ, ಒಂದು ದಿನಕ್ಕೆ ಒಂದೇ ಕೊಡ. ಕಟ್ಟಳೆಯ ಮಾತನ್ನು ಈ ಸಲ ಯಾರೂ ಎತ್ತಲಿಲ್ಲ. ಗಂಗಣ್ಣನ ಗತಿ ನನಗೂ ಬರುತ್ತದೆ ಎಂದು ಜನ ಹೆದರಿದರು, ಪಾಪ, ಸರದಿಯ ಮೇಲೆ ಊಟ ತಂದಿಟ್ಟರು. ಸುಣ್ಣ ಬಿದ್ದ ನೀರಿನಲ್ಲಿ ಅವಳ ಮಾತು ತುಂಡುತುಂಡಾಗಿತ್ತು. ಒಂದು ದಿನ “ಬೆಲ್ಲ” ಎಂದಳು. ಒಂದು ದಿನ “ಆ ಛತ್ರಿ”. ಒಂದು ದಿನ ಬರೀ ಉಸಿರು. ಗಾಡಿ ಮತ್ತೆ ಎಲ್ಲೋ ಹಿಂದಕ್ಕೆ ಹೋಗಿತ್ತು, ಅಥವಾ ಬಾಗಿಲ ಮುಂದಿನದ್ದೆಲ್ಲ ಆ ನಾಲ್ಕು ಸೇರು ಸುಣ್ಣದೊಳಗೆ ಸೇರಿಹೋಗಿತ್ತು. ನಾನು ಯಾವ ಅಕ್ಷರವನ್ನೂ ಜೋಡಿಸಲು ಹೋಗಲಿಲ್ಲ. ಪಾತ್ರೆ ಉಜ್ಜುತ್ತಾ ಕೂತಿದ್ದೆ ಎಂಬಲ್ಲಿಗೆ ಅವಳು ನನ್ನನ್ನು ಬಿಟ್ಟಿದ್ದಳು, ನಾನು ಅಲ್ಲೇ ಕೂತಿದ್ದೆ.

ನಿನ್ನೆ ಬೆಳಿಗ್ಗೆ ಸೇದಿದ ನೀರಿಗೆ ದಾಸವಾಳ ಹನಿಸಿದಾಗ ಬಣ್ಣ ಬದಲಾಗಲಿಲ್ಲ. ಬೀದಿಯ ಹೆಂಗಸರು ಕೊಡ ತಂದು ಹಿತ್ತಲ ಬಾಗಿಲಲ್ಲಿ ನಿಂತಿದ್ದರು, ಇನ್ನು ಮೇಲೆ ಇದು ಅವರೆಲ್ಲರ ಬಾವಿ. ಒಳಗೆ ಬನ್ನಿ ಎಂದು ಯಾರೂ ಕರೆಯದೆ ಅವರು ಬರುವವರಲ್ಲ. ನಾನು ಕೊಡವನ್ನು ಹಂಡೆಗೆ ಬಗ್ಗಿಸಿದೆ. ನೀರು ಸುರಿಯಿತು, ಸುಮ್ಮನೆ ಸುರಿಯಿತು. ಕೊಡದ ತಳದಲ್ಲಿ ಒಂದು ಗುಟುಕು ಉಳಿದಾಗ ಅವಳ ದನಿ ಬಂತು, ತಿದಿಯ ಪಕ್ಕದಿಂದ ಬಂದಷ್ಟು ಸ್ಪಷ್ಟವಾಗಿ.

“ರೀ,” ಎಂದಳು.

ಅವಳು ಬದುಕಿದ್ದಷ್ಟು ದಿನ ಎಲ್ಲ ಮಾತೂ ಹಾಗೇ ಶುರುವಾಗುತ್ತಿತ್ತು. ನಾನು ಒಂದು ಸಲವೂ ಓ ಎಂದವನಲ್ಲ. ಅನ್ನದಿದ್ದರೂ ಅವಳು ಮುಂದುವರಿಸುತ್ತಿದ್ದಳು, ಅದಕ್ಕೇ ಅನ್ನುವ ಅಗತ್ಯ ಬೀಳಲಿಲ್ಲ. ಕೊಡ ಖಾಲಿಯಾಗಿತ್ತು. ಬಾವಿಗೆ ಕಿವಿ ಇಲ್ಲ ಎಂದು ನನಗೆ ಗೊತ್ತು, ಬಾಗಿಲಲ್ಲಿ ನಿಂತವರಿಗೂ ಗೊತ್ತು. ಅವರೆಲ್ಲರ ಎದುರಿಗೇ ಬಾವಿಯೊಳಗೆ ಬಗ್ಗಿ, “ಓ” ಎಂದೆ. “ಓ, ಹೇಳೇ. ಏನನ್ನಿಸ್ತು?” ಎಂದೆ.